ಡಾಕ್ಟರಿಗೆ ಹೇಳದೆ ಕುಡಿದ ಪುಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ಬೆಳಿಗ್ಗೆ ಪೇಪರ್ ಬಿಡಿಸಿದಾಗ ಒಳಗಿನಿಂದ ಹಳದಿ ಬಣ್ಣದ ಒಂದು ಕರಪತ್ರ ಕೆಳಗೆ ಬಿತ್ತು. ಯಾರೋ ದುಡ್ಡು ಕೊಟ್ಟು ಮಡಚಿ ಹಾಕಿಸಿದ್ದು, ಪತ್ರಿಕೆಯವರದ್ದಲ್ಲ ಎಂದು ನನಗೆ ಗೊತ್ತು. ‘ಮೆಟಬಾಲಿಸಂ ಹೆಚ್ಚಿಸಿ, ಹೊಟ್ಟೆಯ ಬೊಜ್ಜು ಕರಗಿಸಿ, 10 ದಿನದಲ್ಲಿ 5 ಕಿಲೋ ಇಳಿಸಿ’ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಮೆಟಬಾಲಿಸಂ ಎಂದರೆ ತಿಂದದ್ದನ್ನು ದೇಹ ಶಕ್ತಿಯಾಗಿ ಖರ್ಚು ಮಾಡುವ ಕೆಲಸ. ಅದನ್ನು ಓದಿದ ಮೇಲೆ ಈ ಪತ್ರ ಬರೆಯದೆ ನನಗೆ ಸಮಾಧಾನವಿಲ್ಲ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ 27 ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುವವಳು. ವಯಸ್ಸು 53. ಅಳತೆ ಬರೆದಿಟ್ಟ ನೋಟ್‌ಬುಕ್ಕುಗಳು ನನ್ನ ಅಂಗಡಿಯಲ್ಲಿ ಹದಿನಾಲ್ಕು ಉಂಟು. ಒಬ್ಬೊಬ್ಬರದ್ದು ಮದುವೆಯ ರವಿಕೆಯಿಂದ ಹಿಡಿದು ಅವರ ಮಗಳ ಮದುವೆಯ ರವಿಕೆಯ ತನಕ ಎದೆ, ಸೊಂಟ, ತೋಳು ಎಲ್ಲ ಅದರಲ್ಲಿ ಸಿಗುತ್ತದೆ. ಯಾರು ದಪ್ಪ ಆದರು, ಯಾರು ಇಳಿದರು, ಇಳಿದವರು ಯಾವಾಗ ಮೊದಲಿನಂತಾದರು ಎಂದು ನನ್ನ ಟೇಪಿಗೆ ಗೊತ್ತಾಗುವಷ್ಟು ತೂಕದ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಕಳೆದ ಆರೇಳು ವರ್ಷದಲ್ಲಿ ತೂಕ ಇಳಿಸುವ ಈ ಪುಡಿ, ಮಾತ್ರೆಗಳ ಲೆಕ್ಕವೂ ಅದೇ ಪುಸ್ತಕಗಳಲ್ಲಿ ಸೇರಿಕೊಂಡಿದೆ. ‘ಅಕ್ಕ, ಸ್ವಲ್ಪ ಟೈಟ್ ಇಡಿ, ನಾನು ಪುಡಿ ಕುಡಿಯಲಿಕ್ಕೆ ಶುರುಮಾಡಿದ್ದೇನೆ’ ಎಂದು ಹೇಳಿದವರ ಹೆಸರಿನ ಪಕ್ಕದಲ್ಲಿ ನಾನು ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿಡುತ್ತೇನೆ. ಆ ರವಿಕೆ ಮತ್ತೆ ಬಿಚ್ಚಿಸಲು ಬರುತ್ತದೆ ಎಂದು ಒಳಗೆ ಜಾಸ್ತಿ ಬಟ್ಟೆ ಬಿಡಲಿಕ್ಕೆ ಆ ಗುರುತು.

ಆದರೆ ನಾನು ಬರೆಯಹೊರಟದ್ದು ಬೇರೆಯವರ ಸಂಗತಿಯಲ್ಲ, ನನ್ನದೇ.

ನನಗೆ ಎರಡನೆಯ ಹೆರಿಗೆಯ ನಂತರ ಥೈರಾಯ್ಡ್ ಕಡಿಮೆಯಾಯಿತು. 17 ವರ್ಷದಿಂದ ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ 100 ಮೈಕ್ರೋಗ್ರಾಮಿನ ಮಾತ್ರೆ ನುಂಗುತ್ತೇನೆ. ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಹಿಂದಿನ ವರ್ಷದ ಜೂನ್‌ನಲ್ಲಿ ನನ್ನ ಟಿಎಸ್‌ಎಚ್ 2.9 ಇತ್ತು, ಅಂದರೆ ಎಲ್ಲ ಸರಿ. ಥೈರಾಯ್ಡ್ ಕಡಿಮೆಯಾದರೆ ಏರುವ, ಅತಿಯಾದರೆ ಇಳಿಯುವ ಲೆಕ್ಕ ಅದು. ತೂಕ ಮಾತ್ರ 71 ಕಿಲೋ. ಐದಡಿ ಒಂದಿಂಚಿನ ಹೆಂಗಸಿಗೆ ಅದು ಜಾಸ್ತಿಯೇ. ಸೊಂಟ 38 ಇಂಚು. ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚು ದಾಟಬಾರದು ಎಂದು ವೈದ್ಯರು ಹೇಳುತ್ತಾರೆ. ಮೊಣಕಾಲು ನೋವಿತ್ತು. ಮಿಷಿನ್ ತುಳಿಯುವಾಗ ಕಷ್ಟವಾಗುತ್ತಿತ್ತು. ಇಳಿಸಬೇಕೆಂಬ ಆಸೆ ನನಗೂ ನಿಜವಾಗಿಯೇ ಇತ್ತು.

ಡಬ್ಬಿ ತಂದುಕೊಟ್ಟವಳು ನನ್ನ ನಾದಿನಿ. ಆಟಿ ತಿಂಗಳ ಒಂದು ಮಧ್ಯಾಹ್ನ, ಜೋರು ಮಳೆ, ಕೊಡೆ ಮಡಚಿ ಮೂಲೆಯಲ್ಲಿಟ್ಟು ಕೂತವಳು ಚೀಲದಿಂದ ಒಂದು ಪುಡಿಯ ಡಬ್ಬಿ, ಒಂದು ಮಾತ್ರೆಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ‘ಅತ್ತಿಗೆ, ನಿಮಗೆ ಅಂತಲೇ ತಂದದ್ದು. ಇದು ಮದ್ದಲ್ಲ, ಆಹಾರ. ಬೆಳಿಗ್ಗೆ ತಿಂಡಿಯ ಬದಲು ಇದನ್ನು ಕುಡಿಯಿರಿ, ರಾತ್ರಿ ಈ ಮಾತ್ರೆ ಒಂದು. ನಲ್ವತ್ತು ದಾಟಿದ ಮೇಲೆ ನಮ್ಮ ಮೆಟಬಾಲಿಸಂ ನಿಂತುಹೋಗುತ್ತದಂತೆ, ಇದು ಅದನ್ನು ಮತ್ತೆ ಶುರುಮಾಡುತ್ತದೆ’ ಎಂದಳು. ಅವಳು ಸುಳ್ಳು ಹೇಳುವವಳಲ್ಲ. ಅವಳಿಗೆ ಡಬ್ಬಿ ಮಾರುವವರ ಮೀಟಿಂಗಿನಲ್ಲಿ ಹೇಳಿಕೊಟ್ಟದ್ದನ್ನು ನಂಬಿ ಹೇಳಿದಳು. ಅವಳ ಗಂಡನಿಗೆ ಆಗ ಕೆಲಸ ಇರಲಿಲ್ಲ. ಪುಡಿಗೆ 2,200, ಮಾತ್ರೆಗೆ 900 ರೂಪಾಯಿ. ನಾನು ಬೇಡ ಎಂದಿದ್ದರೆ ಅವಳ ಮುಖ ಬಾಡುತ್ತಿತ್ತು. ಈ ಡಬ್ಬಿಗಳು ನಮ್ಮ ಊರುಗಳಲ್ಲಿ ಅಂಗಡಿಯಿಂದ ಬರುವುದಕ್ಕಿಂತ ಹೆಚ್ಚು ಮನೆಯ ಒಳಗಿನಿಂದಲೇ ಬರುತ್ತವೆ. ಅತ್ತೆಯ ಮಗಳು, ಶಾಲೆಯಲ್ಲಿ ಜತೆಗೆ ಓದಿದವಳು, ಭಜನಾ ಮಂಡಳಿಯ ಅಕ್ಕ ತರುತ್ತಾರೆ. ಅಂಗಡಿಯವನಾದರೆ ‘ಇದರಲ್ಲಿ ಎಂತ ಉಂಟು?’ ಎಂದು ಕೇಳಬಹುದು. ನಾದಿನಿಯನ್ನು ಹಾಗೆ ಕೇಳಿದರೆ ಅವಳ ಮೇಲೆ ಸಂಶಯಪಟ್ಟ ಹಾಗಾಗುತ್ತದೆ.

ಮೊದಲ ಎರಡು ವಾರದಲ್ಲಿ ಮೂರೂವರೆ ಕಿಲೋ ಇಳಿಯಿತು. ಇದನ್ನು ನಾನು ಮುಚ್ಚಿಡುವುದಿಲ್ಲ. ನಾದಿನಿಯೂ ನಾನೂ ಖುಷಿಪಟ್ಟೆವು. ಆದರೆ ಟೇಪು ಹಿಡಿದು ನೋಡಿದರೆ ಸೊಂಟ ಅರ್ಧ ಇಂಚು ಕೂಡ ಸರಿಯಾಗಿ ಇಳಿದಿರಲಿಲ್ಲ. ಇದು ಹೇಗೆ ಎಂದು ಆಗ ಅರ್ಥವಾಗಲಿಲ್ಲ. ಮಂಗಳೂರಿನಲ್ಲಿ ನರ್ಸಿಂಗ್ ಓದುವ ನನ್ನ ಮಗಳು ಆಮೇಲೆ ಬಿಡಿಸಿ ಹೇಳಿದಳು. ತಿಂದ ಅನ್ನದ ಸಕ್ಕರೆಯನ್ನು ದೇಹ ಗ್ಲೈಕೋಜನ್ ಎಂಬ ರೂಪದಲ್ಲಿ ಲಿವರ್ ಮತ್ತು ಮಾಂಸಖಂಡದಲ್ಲಿ ಕೂಡಿಟ್ಟಿರುತ್ತದೆ. ಅದರ ಒಂದು ಗ್ರಾಮಿನ ಜತೆ ಸುಮಾರು ಮೂರು ಗ್ರಾಂ ನೀರು ಸೇರಿರುತ್ತದೆ. ಊಟ ಕಡಿಮೆ ಮಾಡಿದ ಕೂಡಲೇ ಮೊದಲು ಖರ್ಚಾಗುವುದು ಅದು, ಜತೆಗೆ ನೀರೂ ಹೋಗುತ್ತದೆ. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. 10 ದಿನದಲ್ಲಿ 5 ಕಿಲೋ ಕೊಬ್ಬು ಎಂದರೆ ದಿನಕ್ಕೆ 3,850 ಕ್ಯಾಲೊರಿ. ನನ್ನಂಥವಳ ದೇಹ ಇಡೀ ದಿನ ಉಸಿರಾಟ, ಹೃದಯ, ಹೊಲಿಗೆ, ಅಡುಗೆ ಎಲ್ಲಕ್ಕೂ ಸೇರಿ ಖರ್ಚು ಮಾಡುವುದೇ ಅದರ ಅರ್ಧದಷ್ಟು. ಹನಿ ನೀರೂ ಮುಟ್ಟದೆ ಕೂತರೂ ಆ ಕರಪತ್ರದ ಲೆಕ್ಕ ಕೂಡಿಬರುವುದಿಲ್ಲ.

ಮೆಟಬಾಲಿಸಂ ನಲ್ವತ್ತಕ್ಕೆ ನಿಲ್ಲುತ್ತದೆ ಎಂಬ ಮಾತೂ ನಿಜವಲ್ಲ. 2021ರಲ್ಲಿ 29 ದೇಶಗಳ ಆರು ಸಾವಿರಕ್ಕೂ ಹೆಚ್ಚು ಜನರನ್ನು, ಎಂಟು ದಿನದ ಮಗುವಿನಿಂದ 95 ವರ್ಷದವರ ತನಕ, ಅಳೆದು ನೋಡಿದ ಅಧ್ಯಯನ ಒಂದು ಬಂತು. ದೇಹದ ಗಾತ್ರದ ವ್ಯತ್ಯಾಸ ಕಳೆದರೆ 20ರಿಂದ 60ರ ತನಕ ಈ ಖರ್ಚು ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ, ಇಳಿಯುವುದು 60ರ ಮೇಲೆ, ಅದೂ ನಿಧಾನಕ್ಕೆ ಎಂದು ಅದರಲ್ಲಿ ಕಂಡಿದೆ. ಹಾಗಾದರೆ ನಾವು ದಪ್ಪವಾಗುವುದು ಯಾಕೆ? ನನ್ನ ಮಟ್ಟಿಗೆ ಹೇಳುವುದಾದರೆ, ನನ್ನ ಅಮ್ಮ ಬಾವಿಯಿಂದ ನೀರು ಸೇದುತ್ತಿದ್ದರು, ಸೊಪ್ಪು ಹೊರುತ್ತಿದ್ದರು, ಗದ್ದೆಗೆ ಇಳಿಯುತ್ತಿದ್ದರು. ನಾನು ಎಂಟು ಗಂಟೆ ಮಿಷಿನಿನ ಮುಂದೆ ಕೂರುತ್ತೇನೆ. ಗಿರಾಕಿ ಬಂದಾಗಲೆಲ್ಲ ಸಕ್ಕರೆ ಹಾಕಿದ ಚಹಾ, ಬೇಕರಿಯಿಂದ ತಂದ ಪಫ್ಸು.

ಚಹಾ, ಕಾಫಿಯಲ್ಲಿರುವ ಕೆಫೀನು ದೇಹದ ಖರ್ಚನ್ನು ಸ್ವಲ್ಪ ಹೊತ್ತು, ಸ್ವಲ್ಪವೇ ಹೆಚ್ಚಿಸುತ್ತದೆ ಎನ್ನುವುದು ಹೌದು. ಡಬ್ಬಿಗಳ ಮೇಲೆ ‘ಫ್ಯಾಟ್ ಬರ್ನರ್’ ಎಂದು ಬರೆಯುವುದಕ್ಕೆ ಅವರಿಗೆ ಸಿಗುವ ಆಧಾರ ಹೆಚ್ಚಾಗಿ ಇದೇ. ದಿನಕ್ಕೆ 50 ಕ್ಯಾಲೊರಿ ಹೆಚ್ಚು ಖರ್ಚಾಯಿತು ಎಂದೇ ಹಿಡಿಯಿರಿ. ಅದು ಎರಡು ಮಾರಿ ಬಿಸ್ಕತ್ತಿನಷ್ಟು. ಹಾಗೆ ಒಂದು ಕಿಲೋ ಕೊಬ್ಬು ಇಳಿಯಲು ಐದು ತಿಂಗಳು ಬೇಕು, ಅದೂ ಆ ಎರಡು ಬಿಸ್ಕತ್ತು ತಿನ್ನದೆ ಇದ್ದರೆ.

ಈಗ ನನ್ನ ಸಂಗತಿಗೆ ಬರುತ್ತೇನೆ. ಸೆಪ್ಟೆಂಬರ್ ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದೆ. ಟಿಎಸ್‌ಎಚ್ 0.04 ಬಂತು. ಟಿ4 ಎಂಬ ಥೈರಾಯ್ಡ್ ಹಾರ್ಮೋನು ಮೇಲಿನ ಮಿತಿ ದಾಟಿತ್ತು. ಅಂದರೆ ನಾನು ನುಂಗುವ ಮಾತ್ರೆ ನನಗೆ ಅತಿಯಾಗಿದೆ ಎಂದು ಅರ್ಥ. ಡಾಕ್ಟರ್ ಕೇಳಿದರು, ‘ಬೇರೆ ಮದ್ದು ಎಂತಾದರೂ ತಗೊಳ್ತೀರಾ?’ ನಾನು ಇಲ್ಲ ಎಂದೆ. ಆ ‘ಇಲ್ಲ’ ಎನ್ನುವಾಗ ನಾನು ಸುಳ್ಳು ಹೇಳುತ್ತಿದ್ದೇನೆಂದು ನನ್ನ ಮನಸ್ಸಿಗೆ ಬರಲೇ ಇಲ್ಲ. ನಾದಿನಿ ಕೊಟ್ಟದ್ದು ಮದ್ದಲ್ಲವಲ್ಲ, ಆಹಾರ! ಊಟ ಎಂತ ಮಾಡ್ತೀರಿ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರು 100ರ ಮಾತ್ರೆಯನ್ನು 75 ಮಾಡಿದರು. ನವೆಂಬರಿನಲ್ಲಿ ಮತ್ತೆ ಪರೀಕ್ಷೆ, ಮತ್ತೆ ಟಿಎಸ್‌ಎಚ್ ನೆಲ ಕಚ್ಚಿತ್ತು. 75 ಹೋಗಿ 50 ಆಯಿತು. ನಾದಿನಿಗೆ ಖುಷಿಯೋ ಖುಷಿ. ‘ನೋಡಿ ಅತ್ತಿಗೆ, ಥೈರಾಯ್ಡ್ ಮಾತ್ರೆಯೇ ಅರ್ಧ ಆಯಿತು, ಇನ್ನು ಪೂರ್ತಿ ಬಿಡಬಹುದು’ ಎಂದಳು. ನಾನೂ ನಂಬಿದೆ. ಇನ್ನೊಂದು ಡಬ್ಬಿ ತೆಗೆದುಕೊಂಡೆ.

ಡಿಸೆಂಬರಿನಲ್ಲಿ ನನಗೆ ಚಳಿ ಶುರುವಾಯಿತು. ಕುಂಬಳೆಯಲ್ಲಿ ಡಿಸೆಂಬರ್ ಮಧ್ಯಾಹ್ನ ಬೆವರು ಒರೆಸಿಕೊಳ್ಳುವ ಹೊತ್ತಿನಲ್ಲಿ ನಾನು ಸ್ವೆಟರ್ ಹಾಕಿ ಮಿಷಿನಿನ ಮುಂದೆ ಕೂರುತ್ತಿದ್ದೆ, ಫ್ಯಾನ್ ಹಾಕಲು ಬಿಡುತ್ತಿರಲಿಲ್ಲ. ಸ್ವರ ದಪ್ಪವಾಯಿತು. ಫೋನಿನಲ್ಲಿ ಮಾತಾಡಿದರೆ ಗಂಡಸೆಂದು ತಿಳಿದು ‘ಅಕ್ಕನಿಗೆ ಕೊಡಿ’ ಎನ್ನುತ್ತಿದ್ದರು. ಇಳಿದ ಮೂರೂವರೆ ಕಿಲೋ ಬಂದು ಅದರ ಮೇಲೆ ನಾಲ್ಕು ಏರಿತು. ಒಂದು ದಿನ ಬೆಳಿಗ್ಗೆ ಲೈನಿಂಗ್ ಬಟ್ಟೆ ಹಾಸಿ, ಚಾಕ್ ಗೆರೆ ಎಳೆದು, ಕತ್ತರಿ ಎತ್ತಿದೆ. 27 ವರ್ಷದಿಂದ ಕೈಗೆ ಕೂತ ಕತ್ತರಿ ಅದು, ಕಬ್ಬಿಣ ಸವೆದು ನನ್ನ ಬೆರಳಿನ ಆಕಾರಕ್ಕೆ ಬಂದಿದೆ. ಅದರ ತೂತಿನೊಳಗೆ ಹೆಬ್ಬೆರಳು ಹೋಗಲಿಲ್ಲ. ಎಣ್ಣೆ ಹಚ್ಚಿ ತೂರಿಸಿದೆ. ಹೋಯಿತು, ಆದರೆ ಹೊರಗೆ ಬರಲಿಲ್ಲ. ಬೆರಳಿನ ಗಂಟಿನ ಚರ್ಮ ಕೆತ್ತಿಹೋಯಿತು. ಅಲ್ಲೇ ಮೇಜಿಗೆ ತಲೆ ಇಟ್ಟು ಅತ್ತೆ. ಅದೇ ವಾರ ಒಬ್ಬರ ಎದೆಯ ಅಳತೆಯನ್ನು ಇನ್ನೊಬ್ಬರ ಬಟ್ಟೆಗೆ ಹಾಕಿ ಒಂದು ರೇಷ್ಮೆ ತುಂಡು ಹಾಳುಮಾಡಿದೆ. ತಲೆ ಅಷ್ಟು ಮಂದವಾಗಿತ್ತು. ಅಂಥ ತಪ್ಪು ನನ್ನ ಕೈಯಲ್ಲಿ ಅದಕ್ಕೆ ಮೊದಲು ಆಗಿರಲಿಲ್ಲ.

ಜನವರಿಯಲ್ಲಿ ಕುಂಬಳೆ ಬೆಡಿ ಜಾತ್ರೆಗೆಂದು ಮಗಳು ಊರಿಗೆ ಬಂದಳು. ನನ್ನ ಮುಖ ನೋಡಿದವಳೇ, ‘ಅಮ್ಮ, ನಿನ್ನ ಕಣ್ಣು ಯಾಕೆ ಇಷ್ಟು ಊದಿದೆ?’ ಎಂದು ಕೇಳಿದಳು. ಜಾತ್ರೆ ಮುಗಿದ ಮರುದಿನವೇ ಮಂಗಳೂರಿಗೆ ಕರೆದುಕೊಂಡು ಹೋದಳು. ಹೊರಡುವಾಗ ಅಡುಗೆಮನೆಯ ಶೆಲ್ಫಿನಿಂದ ಎರಡೂ ಡಬ್ಬಿ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು. ನನಗೆ ಹೇಳಿರಲಿಲ್ಲ. ಅಲ್ಲಿ ಡಾಕ್ಟರ್ ಹಳೆಯ ರಿಪೋರ್ಟು ನೋಡಿದರು, ನನ್ನನ್ನು ನೋಡಿದರು, ಮತ್ತೆ ರಿಪೋರ್ಟು ನೋಡಿದರು. ‘ಕಾಗದ ಥೈರಾಯ್ಡ್ ಜಾಸ್ತಿ ಎನ್ನುತ್ತದೆ, ನಿಮ್ಮ ದೇಹ ಕಡಿಮೆ ಎನ್ನುತ್ತದೆ’ ಎಂದರು. ಆಗ ಮಗಳು ಡಬ್ಬಿ ಮೇಜಿನ ಮೇಲಿಟ್ಟಳು. ಅವರು ಮಾತ್ರೆಯ ಡಬ್ಬಿ ತಿರುಗಿಸಿ, ಕನ್ನಡಕ ಮೇಲೆತ್ತಿ, ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರದ ಮೇಲೆ ಬೆರಳಿಟ್ಟರು. ಬಯೋಟಿನ್, 10,000 ಮೈಕ್ರೋಗ್ರಾಂ.

ಬಯೋಟಿನ್ ಎಂದರೆ ಬಿ ಗುಂಪಿನ ಒಂದು ವಿಟಮಿನ್. ಕೊಬ್ಬು, ಸಕ್ಕರೆಯನ್ನು ದೇಹ ಬಳಸಿಕೊಳ್ಳುವ ಕೆಲಸದಲ್ಲಿ ಕೆಲವು ಕಿಣ್ವಗಳಿಗೆ ಅದು ಬೇಕು. ಅದರಿಂದಾಗಿಯೇ ‘ಮೆಟಬಾಲಿಸಮ್ಮಿಗೆ’ ಎಂದು ಮಾರುತ್ತಾರೆ, ಕೂದಲಿಗೆ, ಉಗುರಿಗೆ ಎಂದೂ ಮಾರುತ್ತಾರೆ. ಆದರೆ ದಿನಕ್ಕೆ ಬೇಕಾಗುವುದು ಸುಮಾರು 30 ಮೈಕ್ರೋಗ್ರಾಂ. ಅದು ಮೊಟ್ಟೆ, ಮೀನು, ನೆಲಗಡಲೆಯಂಥ ನಮ್ಮ ದಿನದ ಊಟದಲ್ಲೇ ಸಿಗುತ್ತದೆ. ನಾನು ನುಂಗುತ್ತಿದ್ದದ್ದು ಅದರ ಮುನ್ನೂರು ಪಟ್ಟಿಗೂ ಹೆಚ್ಚು. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ತೊಂದರೆ ಇಲ್ಲ ಎನ್ನುತ್ತಾರೆ. ಹೋಗುವುದು ಹೌದು. ಆದರೆ ಹೋಗುವ ಮೊದಲು ರಕ್ತದಲ್ಲಿ ಇರುತ್ತದಲ್ಲ, ಆ ಹೊತ್ತಿಗೆ ರಕ್ತ ಕೊಟ್ಟರೆ ಪರೀಕ್ಷೆಯೇ ತಪ್ಪಾಗುತ್ತದೆ.

ಹೇಗೆಂದು ನಾನು ಅರ್ಥಮಾಡಿಕೊಂಡದ್ದು ಹೀಗೆ. ರವಿಕೆಯ ಒಂದು ಪಟ್ಟಿಗೆ ಹುಕ್ಕು, ಇನ್ನೊಂದು ಪಟ್ಟಿಗೆ ಅದು ಸಿಕ್ಕಿಕೊಳ್ಳಲು ದಾರದ ಮನೆ ಇರುತ್ತದಲ್ಲ? ಲ್ಯಾಬಿನ ಹಲವು ಯಂತ್ರಗಳಲ್ಲಿ ಪರೀಕ್ಷೆ ನಡೆಯುವುದು ಹಾಗೆಯೇ. ಅಲ್ಲಿ ಹುಕ್ಕಾಗಿ ಬಳಸುವುದು ಬಯೋಟಿನನ್ನೇ, ಅದು ಗಟ್ಟಿಯಾಗಿ ಸಿಕ್ಕಿಕೊಳ್ಳುವ ಮನೆ ಒಂದು ಪ್ರೊಟೀನು. ನಮ್ಮ ರಕ್ತದಲ್ಲೇ ಸಾವಿರಗಟ್ಟಲೆ ಹುಕ್ಕು ತೇಲುತ್ತಿದ್ದರೆ ಅವೇ ಮೊದಲು ಹೋಗಿ ಮನೆಗಳನ್ನು ತುಂಬಿಬಿಡುತ್ತವೆ. ಪರೀಕ್ಷೆಯ ಹುಕ್ಕಿಗೆ ಜಾಗವಿಲ್ಲ. ಟಿಎಸ್‌ಎಚ್ ಪರೀಕ್ಷೆಯ ಏರ್ಪಾಟಿನಲ್ಲಿ ಹೀಗಾದರೆ ಇಲ್ಲದ ಇಳಿಕೆ ಕಾಣುತ್ತದೆ. ಟಿ4 ಪರೀಕ್ಷೆಯ ಏರ್ಪಾಟು ಅದಕ್ಕೆ ತಿರುಗಾಮುರುಗಾ ಇರುವುದರಿಂದ ಇಲ್ಲದ ಏರಿಕೆ ಕಾಣುತ್ತದೆ. ಎರಡೂ ಸೇರಿದಾಗ ಥೈರಾಯ್ಡ್ ಅತಿಯಾದವರ ರಿಪೋರ್ಟಿನಂತೆಯೇ ಕಾಣುತ್ತದೆ. ಎಲ್ಲ ಲ್ಯಾಬಿನ ಯಂತ್ರದಲ್ಲೂ ಹೀಗಾಗುವುದಿಲ್ಲ, ಈ ಹುಕ್ಕಿನ ಉಪಾಯ ಬಳಸುವವುಗಳಲ್ಲಿ ಆಗುತ್ತದೆ. ಇದು ಹೊಸ ಸಂಗತಿಯೂ ಅಲ್ಲ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಹೃದಯಾಘಾತ ಪತ್ತೆಮಾಡುವ ಟ್ರೋಪೋನಿನ್ ಪರೀಕ್ಷೆ ಬಯೋಟಿನ್‌ನಿಂದಾಗಿ ಸುಳ್ಳಾಗಿ ಕಡಿಮೆ ತೋರಿಸಿ ಒಬ್ಬರು ತೀರಿಹೋದ ಪ್ರಕರಣವನ್ನೂ ಅದರಲ್ಲಿ ಹೇಳಿದ್ದರು.

ಪುಡಿಯ ಕತೆ ಬೇರೆ. ಅದರಲ್ಲಿ ಸೋಯಾ ಇತ್ತು, ಕ್ಯಾಲ್ಸಿಯಂ ಇತ್ತು, ಕಬ್ಬಿಣದ ಅಂಶ ಇತ್ತು. ಥೈರಾಯ್ಡ್ ಮಾತ್ರೆಯ ಜತೆ ಇವು ಹೊಟ್ಟೆಗೆ ಹೋದರೆ ಮಾತ್ರೆ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ ಬೇಕು. ನಾನು ಮಾತ್ರೆ ನುಂಗಿ ಹತ್ತೇ ನಿಮಿಷಕ್ಕೆ ಆ ಪುಡಿ ಕಲಸಿ ಕುಡಿಯುತ್ತಿದ್ದೆ. ಒಂದು ಕಡೆ ಮಾತ್ರೆ ಅರ್ಧ, ಆ ಅರ್ಧವೂ ದೇಹಕ್ಕೆ ಪೂರ್ತಿ ಸಿಗುವುದಿಲ್ಲ, ಇನ್ನೊಂದು ಕಡೆ ರಿಪೋರ್ಟು ಇನ್ನೂ ಕಡಿಮೆ ಮಾಡಿ ಎನ್ನುತ್ತದೆ.

ಎರಡೂ ನಿಲ್ಲಿಸಿ ಒಂದು ವಾರ ಕಳೆದು ರಕ್ತ ಕೊಟ್ಟೆ. ಟಿಎಸ್‌ಎಚ್ 34. ಮೇಲಿನ ಮಿತಿ ನಾಲ್ಕು, ನಾಲ್ಕೂವರೆಯ ಆಸುಪಾಸು ಇರುತ್ತದೆ ಎಂದು ನೆನಪಿಟ್ಟರೆ ಅದು ಎಷ್ಟು ಎಂದು ತಿಳಿಯುತ್ತದೆ. ಮತ್ತೆ 100ರ ಮಾತ್ರೆ ಶುರುವಾಯಿತು. ವಿಷುವಿನ ಹೊತ್ತಿಗೆ ಕತ್ತರಿ ಸಲೀಸಾಗಿ ಕೈಗೆ ಬಂತು.

ಮೊದಲ ಡಾಕ್ಟರನ್ನು ನಾನು ದೂರುವುದಿಲ್ಲ. ಅವರು ಕೇಳಿದರು, ನಾನು ಇಲ್ಲ ಎಂದೆ. ಲ್ಯಾಬಿನವರ ತಪ್ಪೂ ಅಲ್ಲ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ನನಗೆ ಇದನ್ನು ಮಾರುವಾಗ ಆಡಿದ ಮಾತೆಲ್ಲ ನನ್ನ ಭಾಷೆಯಲ್ಲಿ ಇತ್ತು. ನಾದಿನಿಯ ಮಾತು, ವಾಟ್ಸಾಪಿಗೆ ಬರುವ ಸಂದೇಶ, ಈ ಹಳದಿ ಕರಪತ್ರ ಎಲ್ಲವೂ ಕನ್ನಡ. ಡಬ್ಬಿಯ ಮೇಲೆ ‘ಔಷಧವಾಗಿ ಬಳಸಲು ಅಲ್ಲ’ ಎಂದು ಬರೆಯಲೇಬೇಕೆಂದು ಕಾನೂನು ಉಂಟು, ಬರೆದದ್ದೂ ಉಂಟು. ಬೇರೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಬೇಕೆಂದೂ ನನ್ನ ಡಬ್ಬಿಯಲ್ಲಿ ಇತ್ತು. ಎಲ್ಲ ಇಂಗ್ಲಿಷಿನಲ್ಲಿ. ನಮ್ಮ ದೇಶದ ಲೇಬಲ್ ನಿಯಮದ ಪ್ರಕಾರ ಇಂಗ್ಲಿಷ್ ಅಥವಾ ಹಿಂದಿ ಇದ್ದರೆ ಸಾಕು, ಬೇರೆ ಭಾಷೆ ಅವರವರ ಇಷ್ಟ. ನಾನು ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿಯ ತನಕ ಕಲಿತವಳು. ಮಲಯಾಳ ಮಾತಾಡುತ್ತೇನೆ, ಬಸ್ಸಿನ ಬೋರ್ಡ್ ಓದುತ್ತೇನೆ. ಸಾಸಿವೆಗಿಂತ ಸಣ್ಣ ಇಂಗ್ಲಿಷನ್ನು ಓದಲು ನನ್ನಿಂದ ಆಗುವುದಿಲ್ಲ. ಕಾಸರಗೋಡಿನಲ್ಲಿ ನನ್ನಂಥವರು ಮನೆಮನೆಯಲ್ಲಿ ಇದ್ದಾರೆ. ಫಾರ್ಮು, ನೋಟೀಸು ಕನ್ನಡದಲ್ಲೂ ಬೇಕು ಎಂದು ನಾವು ವರ್ಷಗಳಿಂದ ಕೇಳುತ್ತಾ ಬಂದಿದ್ದೇವೆ. ಹೊಟ್ಟೆಗೆ ಹೋಗುವ ವಸ್ತುವಿನ ಎಚ್ಚರಿಕೆಯನ್ನೂ ಅದೇ ಪಟ್ಟಿಗೆ ಸೇರಿಸಬೇಕು ಎಂದು ನನ್ನ ಬೇಡಿಕೆ.

ಇನ್ನೊಂದು ಮಾತು. ನಾದಿನಿಯ ಬಳಿ ಇನ್ನೊಂದು ಬಗೆಯ ಕ್ಯಾಪ್ಸೂಲ್ ಇತ್ತು, ಗಾರ್ಸೀನಿಯಾ ಕಂಬೋಜಿಯಾ ಎಂದು. ದೊಡ್ಡ ಹೆಸರು ಕೇಳಿ ಹೊರದೇಶದ್ದಿರಬೇಕೆಂದು ತಿಳಿದಿದ್ದೆ. ಮಗಳು ಹೇಳಿದಾಗಲೇ ಗೊತ್ತಾದದ್ದು, ಅದು ನಮ್ಮ ನೆರೆಮನೆಯವರು ಮೀನಿನ ಸಾರಿಗೆ ಹಾಕುವ ಕುಡಂಪುಳಿ! ಘಟ್ಟದ ಕಡೆಯವರು ಉಪ್ಪಾಗೆ ಎನ್ನುತ್ತಾರೆ. ನಾವು ಬೇಸಗೆಯಲ್ಲಿ ಶರಬತ್ತು ಮಾಡುವ ಪುನರ್ಪುಳಿಯ ದಾಯಾದಿ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಹಿಡಿದು ಕಪ್ಪಾಗಿ ಒಣಗುವ ಆ ಹುಳಿಯ ಎರಡು ಎಸಳು ಒಂದು ಚಟ್ಟಿ ಸಾರಿಗೆ ಸಾಕು. ಹಿತ್ತಲ ಗಿಡ ಮದ್ದಲ್ಲ ಎನ್ನುವ ನಮಗೆ ಅದೇ ಹಣ್ಣಿನ ಆಮ್ಲ ಕ್ಯಾಪ್ಸೂಲಿನಲ್ಲಿ ಬಂದರೆ ಬೊಜ್ಜಿನ ಮದ್ದಾಗುತ್ತದೆ. ಅದರ ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ದೇಹದಲ್ಲಿ ಕೊಬ್ಬು ತಯಾರಾಗುವ ಒಂದು ಹಂತವನ್ನು ತಡೆಯುತ್ತದೆ ಎಂಬುದು ಪ್ರಯೋಗಶಾಲೆಯಲ್ಲಿ ಕಂಡದ್ದು. ಮನುಷ್ಯರ ಮೇಲೆ? 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಬಂದಿದೆ. 135 ಜನ, 12 ವಾರ. ಕೆಲವರಿಗೆ ದಿನಕ್ಕೆ ಒಂದೂವರೆ ಗ್ರಾಂ ಆ ಆಮ್ಲ, ಉಳಿದವರಿಗೆ ನೋಡಲು ಹಾಗೆಯೇ ಇರುವ ಬರೀ ಮಾತ್ರೆ. ಆಮ್ಲ ನುಂಗಿದವರು ಸರಾಸರಿ 3.2 ಕಿಲೋ ಇಳಿದರು. ಬರೀ ಮಾತ್ರೆಯವರು 4.1 ಕಿಲೋ ಇಳಿದರು. ಇಬ್ಬರಿಗೂ ಊಟದ ಪಥ್ಯ ಒಂದೇ ಇತ್ತು, ಇಳಿಸಿದ್ದು ಆ ಪಥ್ಯವೇ. ಈ ಕ್ಯಾಪ್ಸೂಲುಗಳಿಂದ ಲಿವರಿಗೆ ಪೆಟ್ಟಾದ ಪ್ರಕರಣಗಳೂ ಆಮೇಲೆ ವೈದ್ಯರಿಗೆ ಸಿಕ್ಕಿವೆ. ಗ್ರೀನ್ ಟೀ ಒಳ್ಳೆಯದೆಂದು ಅದರ ಸಾರವನ್ನು ಮಾತ್ರೆಯಾಗಿ ನುಂಗುವವರಿಗೂ ಇದು ಅನ್ವಯ. ಅದರ ಮುಖ್ಯ ಅಂಶ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರಿಗೆ ಪೆಟ್ಟಾಗುವ ಸೂಚನೆಯಾದ ಕಿಣ್ವಗಳು ರಕ್ತದಲ್ಲಿ ಏರುತ್ತವೆ ಎಂದು ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ 2018ರಲ್ಲಿ ಹೇಳಿದೆ.

ಗಲ್ಫಿನಿಂದ ಬರುವ ಪೆಟ್ಟಿಗೆಯಲ್ಲಿ ಸ್ಲಿಮ್ಮಿಂಗ್ ಕಾಫಿ ಪೊಟ್ಟಣಗಳೂ ಬರುತ್ತವೆ, ಅದನ್ನು ಹೇಳದೆ ಬಿಡಬಾರದು. ನನ್ನ ಗಿರಾಕಿ ಹುಡುಗಿಯೊಬ್ಬಳು ಅದನ್ನು ಕುಡಿದು ಎರಡು ತಿಂಗಳಲ್ಲಿ ಎರಡು ಇಂಚು ಇಳಿದಳು. ಬಾಯಿ ಒಣಗುವುದು, ರಾತ್ರಿ ನಿದ್ದೆ ಇಲ್ಲ, ಮೆಟ್ಟಿಲು ಹತ್ತಿದರೆ ಎದೆ ಡವಡವ. ಟೇಪು ಹಿಡಿದು ನಿಂತ ನನಗೆ ಅವಳ ಎದೆ ಬಡಿತ ಬೆರಳಿಗೆ ತಾಗುತ್ತಿತ್ತು. ಅದರಲ್ಲಿ ಎಂತ ಇತ್ತೆಂದು ಯಾರೂ ಪರೀಕ್ಷೆ ಮಾಡಿಸಲಿಲ್ಲ. ಆದರೆ ಸಿಬುಟ್ರಮಿನ್ ಎಂಬ ಹಸಿವು ಕಡಿಮೆ ಮಾಡುವ ಮದ್ದನ್ನು, ಹೃದಯಕ್ಕೆ ಅಪಾಯವೆಂದು, ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಿದ್ದಾರೆ. ‘ಗಿಡಮೂಲಿಕೆ’ ಎಂದು ಹೆಸರು ಹಾಕಿದ ಇಂಥ ಪೊಟ್ಟಣಗಳಲ್ಲಿ ಅದನ್ನು ಗುಟ್ಟಾಗಿ ಬೆರೆಸಿದ್ದು ಆಮೇಲೆಯೂ ಹಲವು ದೇಶಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ನಿಜವಾಗಿ ತೂಕ ಇಳಿಸುವ ‘ಗಿಡಮೂಲಿಕೆ’ ಕಂಡರೆ ಇಳಿಸದ್ದಕ್ಕಿಂತ ಹೆಚ್ಚು ಭಯಪಡಬೇಕೆಂದು ನನಗೆ ತೋರುತ್ತದೆ.

ನನ್ನ ನೋಟ್‌ಬುಕ್ಕಿನಲ್ಲಿ ಕಂಡ ಒಂದು ವಿಷಯ. ಬರೀ ಪುಡಿ ಕುಡಿದು ಇಳಿದವರಿಗೆ ಮೊದಲು ಸಡಿಲವಾಗುವುದು ತೋಳು, ಕುತ್ತಿಗೆಯ ಕೆಳಗಿನ ಭಾಗ. ಆರೆಂಟು ತಿಂಗಳಲ್ಲಿ ಸೊಂಟ ಬಿಚ್ಚಿಸಲು ಅವರೇ ಬರುತ್ತಾರೆ. ಸೊಂಟ ತುಂಬಿಕೊಂಡಿರುತ್ತದೆ, ತೋಳು ಮಾತ್ರ ತುಂಬಿರುವುದಿಲ್ಲ. ಹೊಟ್ಟೆಗೆ ಕಡಿಮೆ ಬಿದ್ದು ಮೈಗೆ ಕೆಲಸವೂ ಇಲ್ಲದಿದ್ದರೆ ಕೊಬ್ಬಿನ ಜತೆ ಮಾಂಸಖಂಡವೂ ಕರಗುತ್ತದೆ, ವಾಪಸು ಬರುವಾಗ ಹೆಚ್ಚಾಗಿ ಬರುವುದು ಕೊಬ್ಬು ಎಂದು ಮಗಳು ವಿವರಿಸಿದಳು. ನಡೆದು, ಅನ್ನದ ಪಾಲು ಕಡಿಮೆ ಮಾಡಿ, ಹುರುಳಿ, ಮೀನು, ಬಸಳೆ, ಹೆಸರುಕಾಳು ಹೆಚ್ಚು ಮಾಡಿ ಇಳಿದವರು ನನ್ನ ಪುಸ್ತಕದಲ್ಲಿ ಏಳು ಜನ ಇದ್ದಾರೆ. ಅವರದ್ದು ವರ್ಷಕ್ಕೆ ಒಂದೂವರೆ, ಎರಡು ಇಂಚು. ಮದುವೆಯ ದಿನಕ್ಕೆ ಆಗುವ ಇಳಿಕೆ ಅಲ್ಲ ಅದು. ನಾನೂ ಈಗ ಸಂಜೆ ಅಂಗಡಿ ಮುಚ್ಚಿ ರೈಲ್ವೆ ಸ್ಟೇಷನ್ ತನಕ ನಡೆದು ಬರುತ್ತೇನೆ. ಎಂಟು ತಿಂಗಳಲ್ಲಿ ಸೊಂಟ ಒಂದು ಇಂಚು ಇಳಿದಿದೆ.

ಯಾವ ಪುಡಿಯೂ ಬೇಡ ಎಂದು ನಾನು ಹೇಳುತ್ತಿಲ್ಲ. ನನ್ನ ಮಾವನವರಿಗೆ ಆಪರೇಷನ್ ಆದಾಗ ವೈದ್ಯರೇ ಪ್ರೊಟೀನ್ ಪುಡಿ ಬರೆದುಕೊಟ್ಟಿದ್ದರು, ಅದರಿಂದ ಅವರು ಚೇತರಿಸಿಕೊಂಡರು. ಆದರೂ 2024ರಲ್ಲಿ ಕೇರಳದ ವೈದ್ಯರೂ ಸೇರಿ ನಮ್ಮ ಮಾರುಕಟ್ಟೆಯ 36 ಬ್ರಾಂಡಿನ ಪ್ರೊಟೀನ್ ಪುಡಿಗಳನ್ನು ಪರೀಕ್ಷಿಸಿದಾಗ ಸುಮಾರು 70 ಶೇಕಡಾ ಡಬ್ಬಿಗಳಲ್ಲಿ ಲೇಬಲಿನ ಪ್ರೊಟೀನ್ ಲೆಕ್ಕ ತಾಳೆಯಾಗಲಿಲ್ಲ ಎಂಬುದನ್ನು ಕೊಳ್ಳುವವರು ತಿಳಿದಿರಬೇಕು.

ಕಾನೂನಿನ ಬಗ್ಗೆ ನನಗೆ ಗೊತ್ತಾದಷ್ಟು ಹೇಳುತ್ತೇನೆ. ಔಷಧದ ಆಕ್ಷೇಪಾರ್ಹ ಜಾಹೀರಾತು ತಡೆಯುವ 1954ರ ಕಾಯಿದೆಯ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯಂತೆ ಬೊಜ್ಜೂ ಉಂಟು. ಮದ್ದೆಂದು ಹೇಳಿ ಬೊಜ್ಜು ಕರಗಿಸುತ್ತೇವೆ ಎಂದು ಜಾಹೀರಾತು ಕೊಡುವಂತಿಲ್ಲ. ಆಹಾರ ಎಂದು ಹೇಳಿದರೆ ರೋಗ ಗುಣವಾಗುತ್ತದೆ ಎಂದು ಹೇಳುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯ ತನಕ ದಂಡ ಉಂಟು. ಈ ಕರಪತ್ರದಲ್ಲಿ ಕಂಪನಿಯ ಹೆಸರಿಲ್ಲ, ಆಹಾರ ಸುರಕ್ಷಾ ಪ್ರಾಧಿಕಾರದ 14 ಅಂಕಿಯ ಲೈಸನ್ಸ್ ನಂಬರ್ ಇಲ್ಲ, ಫೋನ್ ನಂಬರ್ ಮಾತ್ರ ಉಂಟು. ಯಾರ ಮೇಲೆ ದಂಡ ಹಾಕುವುದು? ಆದ್ದರಿಂದ ಪೇಪರ್ ಏಜೆಂಟರಿಗೆ ನಿಮ್ಮ ಕಡೆಯಿಂದ ಒಂದು ಮಾತು ಹೇಳಿ, ಹೆಸರು, ವಿಳಾಸ ಇಲ್ಲದ ಇಂಥ ಕರಪತ್ರವನ್ನು ಪೇಪರಿನ ಒಳಗೆ ಮಡಚಬೇಡಿ ಎಂದು. ಪೇಪರಿನ ಒಳಗಿನಿಂದ ಬಂದದ್ದಕ್ಕೆ ನಮ್ಮ ಜನ ಪೇಪರಿನಷ್ಟೇ ಬೆಲೆ ಕೊಡುತ್ತಾರೆ.

ನಮ್ಮ ಗಡಿಯ ಊರಿನಲ್ಲಿ ಇನ್ನೊಂದು ತೊಡಕು ಉಂಟು. ಮದ್ದು ಬರೆಸುವುದು ಇಲ್ಲಿ, ದೊಡ್ಡ ಪರೀಕ್ಷೆ ಮಂಗಳೂರಿನಲ್ಲಿ. ಇಲ್ಲಿಯ ಕಾಗದ ಅಲ್ಲಿ ನೋಡುವುದಿಲ್ಲ, ಅಲ್ಲಿಯದ್ದು ಇಲ್ಲಿಗೆ ಬರುವುದಿಲ್ಲ. ನಾವು ಬಾಯಿಬಿಟ್ಟು ಹೇಳದಿದ್ದರೆ ಯಾರಿಗೂ ಪೂರ್ತಿ ಚಿತ್ರ ಸಿಗುವುದಿಲ್ಲ. ವೈದ್ಯರಲ್ಲಿ ನನ್ನ ವಿನಂತಿ, ‘ಬೇರೆ ಮದ್ದು ಉಂಟಾ’ ಎಂದು ಮಾತ್ರ ಕೇಳಬೇಡಿ. ‘ಪುಡಿ ಕುಡಿಯುತ್ತೀರಾ, ಕೂದಲಿಗೆ, ತೂಕಕ್ಕೆ ಮಾತ್ರೆ ನುಂಗುತ್ತೀರಾ, ಯಾರಾದರೂ ಮನೆಗೆ ತಂದುಕೊಟ್ಟದ್ದು ಉಂಟಾ’ ಎಂದು ಕೇಳಿ. ಆಗ ನಾವು ಹೌದು ಎನ್ನುತ್ತೇವೆ. ಆಶಾ ಕಾರ್ಯಕರ್ತೆಯರು, ಕುಟುಂಬಶ್ರೀ ಎಂಬ ಮಹಿಳಾ ಸಂಘದ ಅಯಲ್‌ಕೂಟದ (ನೆರೆಹೊರೆಯ ಗುಂಪಿನ) ಅಕ್ಕಂದಿರು ಕನ್ನಡದಲ್ಲಿ ಒಂದು ಅರ್ಧ ಗಂಟೆ ಈ ವಿಷಯ ಮಾತಾಡಿದರೆ ಮನೆಮನೆಗೆ ತಲುಪುತ್ತದೆ. ಲ್ಯಾಬುಗಳ ರಕ್ತ ತೆಗೆಯುವ ಕುರ್ಚಿಯ ಎದುರು ಕನ್ನಡ, ಮಲಯಾಳ ಎರಡರಲ್ಲೂ ಒಂದು ಬೋರ್ಡ್ ಇರಲಿ: ‘ಬಯೋಟಿನ್ ಇರುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲು ತಿಳಿಸಿ.’ ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಅದನ್ನು ನಿಲ್ಲಿಸಬೇಕೆಂದು ಅಮೆರಿಕದ ಥೈರಾಯ್ಡ್ ತಜ್ಞರ ಸಂಘ ಹೇಳುತ್ತದೆ. ನನ್ನಂತೆ ಹೆಚ್ಚಿನ ಪ್ರಮಾಣ ನುಂಗುತ್ತಿದ್ದವರು ಎಷ್ಟು ದಿನ ಮೊದಲು ಎಂದು ತಮ್ಮ ವೈದ್ಯರನ್ನೇ ಕೇಳಬೇಕು.

ನಾದಿನಿ ಈಗ ಆ ಡಬ್ಬಿ ಮಾರುವುದಿಲ್ಲ. ಅವಳ ಮನೆಯಲ್ಲಿ ಉಳಿದ ಹನ್ನೊಂದು ಡಬ್ಬಿ ವಾಪಸು ತೆಗೆದುಕೊಳ್ಳುವವರಿಲ್ಲ, 20 ಸಾವಿರ ರೂಪಾಯಿ ಅದರಲ್ಲಿ ಹೂತುಹೋಗಿದೆ. ಅವಳಿಗೆ ನನ್ನ ಅಂಗಡಿಯಲ್ಲಿ ಹುಕ್ಕು, ಫಾಲ್ ಹಚ್ಚುವ ಕೆಲಸ ಕೊಟ್ಟಿದ್ದೇನೆ.

ಮೊನ್ನೆ ಬದಿಯಡ್ಕದ ಕಡೆಯ ಒಬ್ಬಳು ಹುಡುಗಿ ಮದುವೆಯ ರವಿಕೆಗೆ ಅಳತೆ ಕೊಡಲು ತಾಯಿಯ ಜತೆ ಬಂದಿದ್ದಳು. ಮದುವೆಗೆ ಏಳು ವಾರ ಉಂಟು. ‘ಅಕ್ಕ, ಎರಡು ಇಂಚು ಕಡಿಮೆ ಇಟ್ಟೇ ಹೊಲಿಯಿರಿ, ನಾನು ಮಾತ್ರೆ ಶುರುಮಾಡಿದ್ದೇನೆ’ ಎಂದಳು. ಯಾವ ಮಾತ್ರೆ ಎಂದು ಕೇಳಿದೆ, ಬ್ಯಾಗಿನಿಂದ ತೆಗೆದು ತೋರಿಸಿದಳು. ನಾದಿನಿಯೇ ಭೂತಗನ್ನಡಿ ಹಿಡಿದು ಅದರ ಲೇಬಲನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಆ ಡಬ್ಬಿ ಹಿಡಿದುಕೊಂಡೇ ಡಾಕ್ಟರಲ್ಲಿಗೆ ಹೋಗಿ ಎಂದು ತಾಯಿಗೆ ಹೇಳಿ ಕಳಿಸಿದ್ದೇನೆ. ರವಿಕೆಯನ್ನು ಅವಳ ಇವತ್ತಿನ ಅಳತೆಗೇ ಕತ್ತರಿಸಿದ್ದೇನೆ.

ಇತಿ,
ಹೊಲಿಗೆ ಅಂಗಡಿಯವಳು, ಕುಂಬಳೆ